ಪ್ರಬಂಧ ಬರೆಯುವ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ನಾಲ್ಕೈದು ಮಕ್ಕಳು ಕೂತಿರುತ್ತಾರೆ. ಡಿಗ್ರಿ ಕೊನೆಯ ವರ್ಷದವರು, ಎಂ.ಎ., ಎಂ.ಎಸ್ಸಿ. ಓದುವವರು, ಅಪರೂಪಕ್ಕೆ ಒಬ್ಬಿಬ್ಬರು ಪಿಎಚ್.ಡಿ.ಯವರು. ಕೈಯಲ್ಲೊಂದು ಪ್ರಾಜೆಕ್ಟ್ ರಿಪೋರ್ಟೋ, ಸೆಮಿನಾರಿಗೆ ಓದಬೇಕಾದ ಲೇಖನವೋ ಇರುತ್ತದೆ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದ ಮೇಲೆ ನನಗೆ ಹತ್ತಿದ ಚಟ ಇದು. ಘಟ್ಟದ ಕೆಳಗಿನವರು, ಅಂದರೆ ಕುಮಟಾ, ಅಂಕೋಲಾ, ಕಾರವಾರದ ಕಡೆಯವರು, ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದದೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂತು. ಒಮ್ಮೆ ಬರೆದೇ ಇಟ್ಟುಬಿಡೋಣ ಅನ್ನಿಸಿತು.

ಸರ್, ನೀವೇ ಸ್ವಲ್ಪ ಬರೆದು ಕೊಡ್ತೀರಾ?

ಇಲ್ಲ. ದುಡ್ಡು ಕೊಟ್ಟರೂ ಇಲ್ಲ.

ನಾನು ಮಾಡುವುದು ಇಷ್ಟೇ. ನೀವು ಬರೆದದ್ದನ್ನು ಓದುತ್ತೇನೆ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೀಟು ಎಳೆದು 'ಇಲ್ಲಿ ಏನು ಹೇಳಬೇಕೆಂದಿದ್ದೀರಿ?' ಅಂತ ಕೇಳುತ್ತೇನೆ. ನೀವು ಬಾಯಲ್ಲಿ ಹೇಳುತ್ತೀರಿ. ನೂರಕ್ಕೆ ತೊಂಬತ್ತು ಸಲ ಬಾಯಲ್ಲಿ ಹೇಳಿದ್ದು ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ. 'ಅದನ್ನೇ ಬರೆಯಿರಿ' ಅನ್ನುತ್ತೇನೆ. ಮುಗಿಯಿತು.

ಬರೆದು ಕೊಡುವ ಅಂಗಡಿಗಳು ಇವೆ, ಗೊತ್ತು. ವೈವಾದಲ್ಲಿ 'ಈ ಮಾತು ಯಾಕೆ ಬರೆದೆ, ವಿವರಿಸು' ಅಂದಾಗ ಅಂಗಡಿಯವ ನಿಮ್ಮ ಪಕ್ಕ ಬಂದು ನಿಲ್ಲುವುದಿಲ್ಲ.

ವಿಷಯ ಹೇಗೆ ಆರಿಸಿಕೊಳ್ಳುವುದು?

ಬಹಳ ಜನ ಬರುವುದು 'ಉತ್ತರ ಕನ್ನಡ ಜಿಲ್ಲೆಯ ಮೀನುಗಾರಿಕೆ: ಒಂದು ಅಧ್ಯಯನ' ಅಂತ ಹೆಸರಿಟ್ಟುಕೊಂಡು. ನಾನು ಕೇಳುವುದು, ಇದರಲ್ಲಿ ಪ್ರಶ್ನೆ ಎಲ್ಲಿದೆ? ಪ್ರಶ್ನೆ ಇಲ್ಲದಿದ್ದರೆ ಉತ್ತರ ಹೇಗೆ ಬರೆಯುತ್ತೀರಿ? ಕಾರವಾರದಿಂದ ಭಟ್ಕಳದವರೆಗಿನ ಅಷ್ಟೂ ಮೀನುಗಾರಿಕೆಯನ್ನು ನಲವತ್ತು ಪುಟದಲ್ಲಿ ಹಿಡಿಯಲು ಹೋದರೆ ಕೈಗೆ ಸಿಗುವುದು ನೀರು ಮಾತ್ರ.

ಸಣ್ಣದು ಮಾಡಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಬೋಟಿನ ಮೇಲೆ ದುಡಿಯುವವನ ಮನೆಗೆ ದಿನಸಿ ಹೇಗೆ ಬರುತ್ತದೆ? ಅಂಗಡಿಯಲ್ಲಿ ಸಾಲವೋ, ಬೋಟಿನ ಮಾಲೀಕ ಕೊಟ್ಟ ಮುಂಗಡವೋ, ಹೆಂಡತಿ ಒಣಮೀನು ಮಾರಿದ ದುಡ್ಡೋ? ಇದು ಪ್ರಶ್ನೆ. ಒಂದು ಬಂದರು, ಒಂದು ಮಳೆಗಾಲ, ಹದಿನೈದು ಮನೆ. ಡಿಗ್ರಿ ವಿದ್ಯಾರ್ಥಿಗೆ ಬೇಕಾದಷ್ಟಾಯಿತು.

ಇನ್ನೊಬ್ಬ ಹುಡುಗ 'ಸಾವಯವ ಕೃಷಿಯ ಮಹತ್ವ' ಅಂತ ಬಂದಿದ್ದ. ಅವನ ಅಜ್ಜಿಮನೆ ಕುಮಟಾದ ಗಜನಿ ಕಡೆ, ಅಂದರೆ ಕಡಲ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಕಡೆ. ಉಪ್ಪುನೀರಿಗೂ ಜಗ್ಗದೆ ಬೆಳೆಯುವ ಕಗ್ಗ ಭತ್ತ ಅವರ ಮನೆಯಲ್ಲೇ ಇತ್ತು. 'ಈ ವರ್ಷ ಬೀಜ ಎಲ್ಲಿಂದ ತಂದರು?' ಅಂದೆ. ಗೊತ್ತಿಲ್ಲ ಅಂದ. 'ಹಾಗಾದರೆ ಅದೇ ನಿನ್ನ ವಿಷಯ' ಅಂದೆ. ಗಜನಿಯಲ್ಲಿ ಕಗ್ಗ ಹಾಕುವವರು ಬೀಜ ಯಾರ ಹತ್ತಿರ ತೆಗೆದುಕೊಳ್ಳುತ್ತಾರೆ, ಬದಲಿಗೆ ಏನು ಕೊಡುತ್ತಾರೆ, ಕಟ್ಟೆ ಒಡೆದು ಬೆಳೆ ಹೋದ ವರ್ಷ ಬೀಜ ಎಲ್ಲಿಂದ ಬರುತ್ತದೆ? ಎರಡು ವಾರ ಬಿಟ್ಟು ಬಂದಾಗ ಅವನ ಕಿಸೆಯಲ್ಲಿ ನಾಲ್ಕು ಕಾಳು ಭತ್ತ, ತಲೆಯಲ್ಲಿ ಇಪ್ಪತ್ತು ಪುಟಕ್ಕಾಗುವಷ್ಟು ಮಾತು.

ನಮ್ಮ ಊರಿನ ವಿಷಯಕ್ಕೆ ಓದಲು ಏನೂ ಸಿಗ್ತಾ ಇಲ್ಲ ಸರ್.

ಸಿಗುತ್ತದೆ. ನೀವು ಗೂಗಲ್‌ನ ಮೊದಲ ಪುಟದಲ್ಲೇ ನಿಂತಿರುತ್ತೀರಿ, ಅಷ್ಟೇ.

ಮೊದಲು ಶೋಧಗಂಗಾ ನೋಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಇಡೀ ಪ್ರಬಂಧ ಓದಬೇಡಿ, ನಿಮ್ಮ ವಿಷಯಕ್ಕೆ ಹತ್ತಿರದ ಒಂದನ್ನು ಹುಡುಕಿ ಅದರ ಕೊನೆಯಲ್ಲಿರುವ ಗ್ರಂಥಸೂಚಿ ನೋಡಿ. ನಿಮ್ಮ ಅರ್ಧ ಹುಡುಕಾಟವನ್ನು ಆ ಪುಣ್ಯಾತ್ಮ ಮಾಡಿಟ್ಟಿರುತ್ತಾನೆ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೇಖನ ಸಿಕ್ಕರೆ ಅದನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಅನ್ನುವ ಕೊಂಡಿ ಕೆಳಗೇ ಇರುತ್ತದೆ. ಅದನ್ನು ಒತ್ತುವವರು ಕಡಿಮೆ.

ಇನ್ನು ಹಳೆಯ ಕಾಲದ ವಿಷಯ ಆದರೆ ಒಂದು ಮಾತು ನೆನಪಿಡಿ. ನಮ್ಮ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ ಮುಂಬಯಿಗೆ ಸೇರಿತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಹಾಗಾಗಿ ಬ್ರಿಟಿಷರ ಕಾಲದ ಕಾಗದಪತ್ರ ಹುಡುಕಿ ಬೆಂಗಳೂರಿಗೆ ಹೋದರೆ ಬರಿಗೈಲಿ ಬರುವ ಸಂಭವವೇ ಜಾಸ್ತಿ. ಮೊದಲಿನದಕ್ಕೆ ಚೆನ್ನೈ, ನಂತರದ್ದಕ್ಕೆ ಮುಂಬಯಿ. ಬಸ್ ಚಾರ್ಜಿಗೆ ದುಡ್ಡಿಲ್ಲ ಅನ್ನುವವರು ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಕೆನರಾ ಸಂಪುಟದಿಂದ ಶುರು ಮಾಡಿ. 1883ರದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡಿಯಾಗಿ ಇದೆ. ಆದರೆ ಅದು ಆಳುವವರ ಕಣ್ಣಿನಿಂದ ಬರೆದದ್ದು. ಜನ, ಜಾತಿ, ಹಾಡಿ, ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯದ ಬಗ್ಗೆ ಅವರು ಹೇಳಿದ್ದನ್ನೆಲ್ಲ ವೇದವಾಕ್ಯ ಅಂತ ಇಳಿಸಿಕೊಳ್ಳಬೇಡಿ.

ಹತ್ತಿರದಲ್ಲೇ ಇರುವವರನ್ನೂ ಮರೆಯಬೇಡಿ. ಕಾಡು, ಮರದ ವಿಷಯಕ್ಕೆ ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಕಡಲಿನ ವಿಷಯಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕಾರವಾರದಲ್ಲೇ ಇದೆ. ಮರ ಉಳಿಸಲು ನಡೆದ ಅಪ್ಪಿಕೋ ಚಳವಳಿಯ ಬಗ್ಗೆ ಬರೆಯುವವರಂತೂ ಪುಸ್ತಕಕ್ಕಿಂತ ಮೊದಲು ಊರಿಗೆ ಹೋಗಿ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆ ಮರ ಅಪ್ಪಿ ನಿಂತಾಗ ಇಪ್ಪತ್ತರ ಹುಡುಗರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಕವಳ ಹಾಕಿಕೊಂಡು ಮಾತಿಗೆ ಕೂತರೆ ಯಾವ ಪುಸ್ತಕದಲ್ಲೂ ಇಲ್ಲದ್ದು ಹೇಳುತ್ತಾರೆ. ಇನ್ನು ಹತ್ತು ವರ್ಷ ಬಿಟ್ಟು ಹೋದರೆ ಕೇಳಲು ಯಾರಿರುತ್ತಾರೆ?

ಬರೆಯಲು ಎಲ್ಲಿಂದ ಶುರು ಮಾಡಲಿ? ಪೀಠಿಕೆಯಲ್ಲೇ ಒಂದು ತಿಂಗಳು ಹೋಯಿತು.

ಪೀಠಿಕೆಯನ್ನು ಕೊನೆಗೆ ಬರೆಯಿರಿ. ಮನೆಯೇ ಕಟ್ಟಿಲ್ಲ, ಹೊಸ್ತಿಲಿಗೆ ರಂಗೋಲಿ ಹಾಕಲು ಕೂತರೆ ಹೇಗೆ?

ಸುಲಭದ್ದರಿಂದ ಶುರು ಮಾಡಿ. ನೀವು ಏನು ಮಾಡಿದಿರಿ ಅನ್ನುವುದನ್ನು ಮೊದಲು ಬರೆಯಿರಿ. ಯಾವ ಊರಿಗೆ ಹೋದಿರಿ, ಯಾವ ತಿಂಗಳು, ಎಷ್ಟು ಜನರ ಹತ್ತಿರ ಮಾತಾಡಿದಿರಿ, ಅವರನ್ನೇ ಯಾಕೆ ಆರಿಸಿಕೊಂಡಿರಿ, ಏನು ಕೇಳಿದಿರಿ. ಇದಕ್ಕೆ ಯೋಚನೆ ಬೇಡ, ನೆನಪು ಸಾಕು. ಆಮೇಲೆ ಏನು ಕಂಡಿತು ಅನ್ನುವುದು. ಅದಾದ ಮೇಲೆ ಅದರ ಅರ್ಥ ಏನು ಅನ್ನುವುದು. ಇಷ್ಟು ಮುಗಿದ ದಿನ ಪೀಠಿಕೆ ಒಂದೇ ಸಂಜೆಯಲ್ಲಿ ಬರುತ್ತದೆ. ಯಾಕೆಂದರೆ ಆಗ ಯಾವುದಕ್ಕೆ ಪೀಠಿಕೆ ಅಂತ ನಿಮಗೆ ಗೊತ್ತಿರುತ್ತದೆ.

'ಅನಾದಿಕಾಲದಿಂದಲೂ ಮಾನವನು' ಅಂತ ಶುರುವಾಗುವ ಪೀಠಿಕೆಯನ್ನು ಜಗುಲಿ ಹತ್ತಿಸುವುದಿಲ್ಲ ಅಂತ ಮಕ್ಕಳಿಗೆಲ್ಲ ಹೇಳಿಟ್ಟಿದ್ದೇನೆ. ಅಘನಾಶಿನಿಯ ಬಗ್ಗೆ ಬರೆಯುತ್ತಿದ್ದ ಹುಡುಗಿಯೊಬ್ಬಳು ಜೀವಜಲ, ನಾಗರಿಕತೆ ಅಂತ ಎರಡು ಪುಟ ಬರೆದಿದ್ದಳು. ಹೊಡೆದು ಹಾಕಿಸಿದೆ. ಈಗ ಅವಳ ಪೀಠಿಕೆ ಹೀಗೆ ಶುರುವಾಗುತ್ತದೆ: 'ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿಗೆ ಇದರಿಂದ ಏನು ಬದಲಾಯಿತು ಎಂದು ಈ ಲೇಖನ ಕೇಳುತ್ತದೆ.' ಎರಡೇ ವಾಕ್ಯ. ಓದುವವರಿಗೆ ಊರು, ಕಾಲ, ಪ್ರಶ್ನೆ ಮೂರೂ ಸಿಕ್ಕಿತು.

ನನ್ನ ಭಾಷೆ ಚೆನ್ನಾಗಿಲ್ಲ, ಅದನ್ನು ತಿದ್ದಿಕೊಳ್ಳುವುದು ಹೇಗೆ?

ಭಾಷೆ ಚೆನ್ನಾಗಿಯೇ ಇರುತ್ತದೆ. ಪ್ರಬಂಧ ಅಂದ ಕೂಡಲೇ ನೀವು ಸರ್ಕಾರಿ ಸುತ್ತೋಲೆಯ ಅಂಗಿ ಹಾಕಿಕೊಳ್ಳುತ್ತೀರಿ, ತೊಂದರೆ ಅಲ್ಲಿದೆ. ಅದೇ ಹುಡುಗಿಯ ಒಂದು ವಾಕ್ಯ ನೋಡಿ. ಅವಳ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ.

'ಅಳಿವೆ ಪ್ರದೇಶದಲ್ಲಿ ಬಳಚು ಸಂಗ್ರಹಣಾ ಚಟುವಟಿಕೆಯಲ್ಲಿ ತಮ್ಮನ್ನು ತೊಡಗಿಸಿಕೊಂಡಿರುವಂತಹ ಮಹಿಳೆಯರ ಆರ್ಥಿಕ ಸ್ಥಿತಿಗತಿಗಳು ಅತ್ಯಂತ ಶೋಚನೀಯವಾಗಿರುವುದು ಕಂಡುಬರುತ್ತದೆ.'

ನಾನು ಪೆನ್ಸಿಲ್ ಇಟ್ಟು ಕೇಳಿದೆ: ಯಾರಿಗೆ ಕಂಡುಬರುತ್ತದೆ?

'ನನಗೇ ಸರ್.'

'ಶೋಚನೀಯ ಅಂದರೆ?'

'ದುಡ್ಡು ಸಾಕಾಗೋದಿಲ್ಲ.'

'ಯಾಕೆ?'

ಆಗ ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು. ಮೂಲೆಯೆಲ್ಲ ನೀರು ಕುಡಿದು ಉಬ್ಬಿತ್ತು. ಅದರಲ್ಲಿ ಎಲ್ಲ ಇತ್ತು. ನೀರಿಳಿದಾಗ ಮಾತ್ರ ಹೆಕ್ಕಲಾಗುತ್ತದೆ. ಬಳಚು ಕೆಡುವ ಮಾಲು, ಆದ್ದರಿಂದ ಅದೇ ದಿನ ಮಾರಲೇಬೇಕು. ದಡದಲ್ಲಿ ಕೊಳ್ಳಲು ಬರುವವನು ಒಬ್ಬನೇ. ಅವನು ಹೇಳಿದ್ದೇ ದರ. ನಾನೇನೂ ಹೇಳಿಕೊಡಲಿಲ್ಲ. ಅವಳೇ ಬರೆದಳು: 'ನಾನು ಮಾತಾಡಿಸಿದ ಹೆಂಗಸರು ನೀರಿಳಿದಾಗ ಬಳಚು ಹೆಕ್ಕುತ್ತಾರೆ. ಬಳಚು ಮರುದಿನಕ್ಕೆ ಉಳಿಯುವುದಿಲ್ಲ. ದಡಕ್ಕೆ ಬರುವ ವ್ಯಾಪಾರಿ ಒಬ್ಬನೇ ಆದ್ದರಿಂದ ಅವನು ಹೇಳಿದ ದರಕ್ಕೆ ಕೊಡುತ್ತಾರೆ.' ಶೋಚನೀಯ ಅನ್ನುವ ಪದ ಹೋಯಿತು. ಓದುವವರಿಗೆ ಅದು ತಾನಾಗಿ ಅನ್ನಿಸುತ್ತದೆ, ಅಲ್ವಾ?

ಇನ್ನೊಂದು ಉಪಾಯ ಹೇಳುತ್ತೇನೆ. ಬರೆದದ್ದನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಓದುವಾಗ ಉಸಿರು ಕಟ್ಟಿದರೆ ಅಲ್ಲಿ ವಾಕ್ಯ ಮುರಿಯಿರಿ. ಆಯಿ 'ಏನದು, ಮತ್ತೊಮ್ಮೆ ಹೇಳು' ಅಂದರೆ ಆ ಪ್ಯಾರಾ ಮತ್ತೆ ಬರೆಯಿರಿ. 'ಇರುವಂತಹ', 'ಮಾಡತಕ್ಕಂತಹ', 'ಈ ನಿಟ್ಟಿನಲ್ಲಿ' ಇವನ್ನೆಲ್ಲ ಹುಡುಕಿ ತೆಗೆಯಿರಿ. ನಲವತ್ತು ಪುಟ ಮೂವತ್ತಾರಾಗುತ್ತದೆ. ಗೈಡ್ ಬೈಯುವುದಿಲ್ಲ, ನನ್ನ ಮಾತು ನಂಬಿ.

ಎಷ್ಟು ಜನರನ್ನು ಮಾತಾಡಿಸಬೇಕು? ಶೇಕಡಾವಾರು ಹಾಕಲೇಬೇಕಾ?

ಹನ್ನೆರಡು ಜನರನ್ನು ಮಾತಾಡಿಸಿ 'ಶೇ. 66.67ರಷ್ಟು ಜನ ಒಪ್ಪಿದರು' ಅಂತ ಬರೆಯುತ್ತೀರಲ್ಲ, ಆ ಪಾಯಿಂಟ್ ಆರು ಏಳು ಯಾರು? ಎಂಟು ಜನ ಅನ್ನಿ. ಕೈಬೆರಳಲ್ಲಿ ಎಣಿಸುವಷ್ಟು ಜನರಿಗೆ ಪೈ ಚಾರ್ಟ್ ಬೇಡ. ಕಡಿಮೆ ಜನರನ್ನು ಮಾತಾಡಿಸಿದ್ದು ನಾಚಿಕೆಯ ವಿಷಯವಲ್ಲ. ಹನ್ನೆರಡು ಜನರ ಮಾತನ್ನು ಇಡೀ ಜಿಲ್ಲೆಯ ಮಾತು ಅಂತ ಬರೆದರೆ ಮಾತ್ರ ತಪ್ಪು.

ಅಳತೆಯ ವಿಷಯದಲ್ಲಿ ಹುಷಾರು. ಜನ ಬುಟ್ಟಿ, ಕೊಳಗ, ಹೊರೆ ಲೆಕ್ಕದಲ್ಲಿ ಹೇಳುತ್ತಾರೆ. ಅವರು ಹೇಳಿದ್ದನ್ನೇ ಮೊದಲು ಬರೆದುಕೊಳ್ಳಿ. ಆಮೇಲೆ ಒಂದು ಬುಟ್ಟಿ ಎಷ್ಟು ಕಿಲೋ ಆಗುತ್ತದೆ ಅಂತ ನೀವೇ ತೂಗಿ ನೋಡಿ. ಒಬ್ಬೊಬ್ಬರ ಬುಟ್ಟಿ ಒಂದೊಂದು ಗಾತ್ರ.

ಅಡಿಕೆಯಲ್ಲಿ ಇನ್ನೊಂದು ತರಹದ ಗೊಂದಲ. ಚಾಲಿ ಅಂದರೆ ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು. ಕೆಂಪಡಿಕೆ ಹಸಿಯಿದ್ದಾಗಲೇ ಸುಲಿದು ಬೇಯಿಸಿ ಒಣಗಿಸಿದ್ದು. ದರ ಬೇರೆ, ಖರ್ಚು ಬೇರೆ, ಕೆಲಸ ನಡೆಯುವ ತಿಂಗಳೂ ಬೇರೆ. ಎರಡನ್ನೂ ಸೇರಿಸಿ 'ಅಡಿಕೆ ದರ' ಅಂತ ಒಂದು ಕೋಷ್ಟಕ ಹಾಕಿದ ಪ್ರಬಂಧವನ್ನು ಓದಿದ್ದೇನೆ. ಬರೆದವನ ಮನೆಯಲ್ಲೇ ತೋಟವಿತ್ತು! ಅಪ್ಪನಿಗೆ ತೋರಿಸಿದ್ದರೆ ಒಂದೇ ನಿಮಿಷದಲ್ಲಿ ಹೇಳುತ್ತಿದ್ದರು.

ಮಾತಾಡಿಸಿದವರ ಹೆಸರು ಹಾಕುವ ಮುಂಚೆ ಕೇಳಿ. ಸಾಲದ ಮಾತು, ಜಗಳದ ಮಾತು ಬಂದರೆ ಅವರು ಹೂಂ ಅಂದರೂ ಹೆಸರು ಬಿಡುವುದು ಒಳ್ಳೆಯದು. ರೆಕಾರ್ಡ್ ಮಾಡುವಾಗ ಮೊಬೈಲನ್ನು ಕಿಸೆಯಲ್ಲಿ ಅಡಗಿಸಬೇಡಿ, ಎದುರಿಗೇ ಇಡಿ. ಹಾಲಕ್ಕಿ ಕನ್ನಡವೋ, ಕೊಂಕಣಿಯೋ, ಹವ್ಯಕ ಮಾತೋ, ಅವರು ಆಡಿದ ಹಾಗೇ ಬರೆದುಕೊಂಡು ಪಕ್ಕದಲ್ಲಿ ಅರ್ಥ ಕೊಡಿ. ನಿಮ್ಮ ಪುಸ್ತಕದ ಕನ್ನಡವನ್ನು ಅವರ ಬಾಯಿಗೆ ತುರುಕಬೇಡಿ.

ಆಧಾರ ಕೊಡುವುದು ಇಷ್ಟೊಂದು ರಗಳೆ ಯಾಕೆ?

ನನ್ನದೇ ಕತೆ ಹೇಳುತ್ತೇನೆ. ಎಂ.ಎ. ಮುಗಿಸಿದ ಹೊಸತರಲ್ಲಿ ಮೆಣಸಿನ ವ್ಯಾಪಾರದ ಬಗ್ಗೆ ಒಂದು ಲೇಖನ ಬರೆದೆ. ಗೆಜೆಟಿಯರ್‌ನ ಒಂದು ಮಾತು ಬೇಕಿತ್ತು. ಗೆಜೆಟಿಯರ್ ಕೈಗೆ ಸಿಗಲಿಲ್ಲ. ಇನ್ಯಾರದೋ ಪುಸ್ತಕದಲ್ಲಿದ್ದ ಅಡಿಟಿಪ್ಪಣಿಯನ್ನು ಎತ್ತಿ ನಾನೇ ನೋಡಿದ ಹಾಗೆ ಹಾಕಿದೆ. ಸೆಮಿನಾರಿನಲ್ಲಿ ಹಿರಿಯರೊಬ್ಬರು ಎದ್ದು, 'ಕೆನರಾ ಸಂಪುಟಕ್ಕೆ ಎರಡು ಭಾಗ ಇದೆ ತಮ್ಮಾ, ನೀನು ಹೇಳಿದ ಪುಟ ಯಾವ ಭಾಗದ್ದು?' ಅಂದರು. ಎರಡು ಭಾಗ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಬೆವರಿದ್ದು ಇನ್ನೂ ನೆನಪಿದೆ.

ಅವತ್ತಿನಿಂದ ಕಣ್ಣಲ್ಲಿ ನೋಡದ್ದನ್ನು ನೋಡಿದೆ ಅಂತ ಬರೆದಿಲ್ಲ. ಮೂಲ ಸಿಗದಿದ್ದರೆ 'ಇಂಥವರ ಪುಸ್ತಕದಲ್ಲಿ ಉಲ್ಲೇಖಿಸಿದಂತೆ' ಅನ್ನಿ. ಅದರಲ್ಲಿ ಮರ್ಯಾದೆಗೇನೂ ಕಡಿಮೆಯಿಲ್ಲ.

ಆಧಾರ ಬರೆಯಲು ಯಾವ ಶೈಲಿ ಅನ್ನುವುದನ್ನು ನಿಮ್ಮ ವಿಭಾಗದಲ್ಲಿ ಕೇಳಿ. ಸಮಾಜವಿಜ್ಞಾನದವರು ಸಾಮಾನ್ಯವಾಗಿ ಎಪಿಎ ಅನ್ನುತ್ತಾರೆ, ಸಾಹಿತ್ಯದವರು ಎಂಎಲ್‌ಎ. ಯಾವುದಾದರೂ ಸರಿ, ಮೊದಲ ಪುಟದಿಂದ ಕೊನೆಯವರೆಗೆ ಒಂದೇ ಇರಲಿ. ಝೊಟೆರೊ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಓದಿದ್ದನ್ನೆಲ್ಲ ಅದರಲ್ಲಿ ಹಾಕುತ್ತಾ ಹೋದರೆ ಗ್ರಂಥಸೂಚಿ ಅದೇ ಮಾಡಿಕೊಡುತ್ತದೆ. ಬೇಡವಾದರೆ ಹಳೆಯ ಡೈರಿ ಸಾಕು. ಪುಸ್ತಕ ತೆರೆದ ಕೂಡಲೇ ಲೇಖಕ, ಹೆಸರು, ಪ್ರಕಾಶಕ, ವರ್ಷ ಬರೆದುಕೊಳ್ಳಿ. ಸಬ್ಮಿಷನ್ ಹಿಂದಿನ ರಾತ್ರಿ ಒಂದು ಪುಟಸಂಖ್ಯೆಗಾಗಿ ಲೈಬ್ರರಿ ಅಟೆಂಡರ್ ಮನೆ ಬಾಗಿಲು ತಟ್ಟಿದವರನ್ನು ನಾನು ಬಲ್ಲೆ.

ಶೇಕಡಾ ಹತ್ತರವರೆಗೆ ಕಾಪಿ ಮಾಡಬಹುದಂತೆ, ಹೌದಾ?

ಹಾಗಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಅಂತಿದೆ. ಅಲ್ಲಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ಇದು ಸಂಶೋಧನಾ ಪ್ರಬಂಧಗಳ ಲೆಕ್ಕ. ಹತ್ತು ಅನ್ನುವುದು ಆಕಸ್ಮಿಕವಾಗಿ ಹೊಂದುವ ಮಾತುಗಳಿಗೆ ಬಿಟ್ಟ ಜಾಗ, ಕದಿಯಲು ಕೊಟ್ಟ ಕೋಟಾ ಅಲ್ಲ.

ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದರೆ ಕಾಪಿ ಹಿಡಿಯುವ ಮಷೀನಿಗೆ ಸಿಗುವುದಿಲ್ಲ ಅಂತ ಕೆಲವರ ಧೈರ್ಯ. ಮಷೀನಿಗೆ ಸಿಗದಿರಬಹುದು. ಓದಿದವರಿಗೆ ಮೂರನೇ ಸಾಲಿನಲ್ಲೇ ಸಿಗುತ್ತದೆ. ಯಾಕೆಂದರೆ ಅಲ್ಲಿಯವರೆಗೆ ನಿಮ್ಮ ಹಾಗೆ ಮಾತಾಡುತ್ತಿದ್ದ ಲೇಖನ ದಿಢೀರಂತ ಬೇರೆ ದನಿಯಲ್ಲಿ ಮಾತಾಡುತ್ತದೆ. ಪುಸ್ತಕ ಮುಚ್ಚಿಟ್ಟು ಬರೆಯಿರಿ. ಓದಿದ್ದನ್ನು ಗೆಳೆಯನಿಗೆ ಹೇಳುವ ಹಾಗೆ ಬರೆದು, ಆಮೇಲೆ ಪುಸ್ತಕ ತೆರೆದು ಸರಿಯಿದೆಯಾ ನೋಡಿ, ಆಧಾರ ಹಾಕಿ.

ಚಾಟ್‌ಜಿಪಿಟಿ ಬಳಸಬಹುದಾ?

ನಿಮ್ಮ ಕಾಲೇಜು ಏನು ಹೇಳುತ್ತದೆ ಅಂತ ಮೊದಲು ಕೇಳಿ. ಬಳಸಿದ್ದರೆ ಬಳಸಿದ್ದೇನೆ ಅಂತ ಗೈಡಿಗೆ ಹೇಳಿ.

ಆಧಾರಗಳನ್ನು ಮಾತ್ರ ಅದರ ಹತ್ತಿರ ಕೇಳಿ ಹಾಗೇ ಇಳಿಸಬೇಡಿ. ಒಬ್ಬ ಚೆಂದದ ಗ್ರಂಥಸೂಚಿ ತಂದಿದ್ದ. ಲೇಖಕರ ಹೆಸರು ನಿಜ, ಪತ್ರಿಕೆಯ ಹೆಸರು ನಿಜ. ಲೇಖನ ಹುಡುಕಿದರೆ ಲೋಕದಲ್ಲೇ ಇಲ್ಲ! ಅಲ್ಲದೆ ಅದು ನಿಮ್ಮ ಬದಲು ತದಡಿ ಬಂದರಿನ ದಕ್ಕೆಗೆ ಹೋಗಿ ನಿಲ್ಲುವುದಿಲ್ಲ. ನಿಮ್ಮ ಲೇಖನದಲ್ಲಿ ಹೊಸತು ಅಂತ ಏನಾದರೂ ಇದ್ದರೆ ಅದು ನೀವು ನಿಂತು ನೋಡಿದ್ದೇ.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಾ?

ವಿಭಾಗ ಎರಡಕ್ಕೂ ಬಿಟ್ಟಿದ್ದರೆ, ನೀವು ಜಗಳ ಆಡುವ ಭಾಷೆಯಲ್ಲಿ ಬರೆಯಿರಿ. ವಾದ ಮಾಡಲು ಬರುವುದು ಅದರಲ್ಲೇ. ಇಂಗ್ಲಿಷಿನಲ್ಲೇ ಬೇಕು ಅಂದರೆ ಮೊದಲ ಕರಡನ್ನು ಕನ್ನಡದಲ್ಲಿ ಮಾಡಿಕೊಂಡರೂ ತಪ್ಪಿಲ್ಲ. ಸೊಪ್ಪಿನಬೆಟ್ಟ, ಗಜನಿ, ಚಾಲಿ ಇಂಥ ಪದಗಳನ್ನು ಹಾಗೇ ಇಟ್ಟು ಒಂದು ಸಾಲು ವಿವರಣೆ ಕೊಡಿ. ಇವನ್ನು ಅನುವಾದ ಮಾಡಲು ಹೋದರೆ ವಿಷಯವೇ ಕಳೆದುಹೋಗುತ್ತದೆ.

ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಏನೇನೋ ಕಾಣುತ್ತದೆ.

ಹಳೆಯ ನುಡಿ ಫಾಂಟಿನಲ್ಲಿ ಮಾಡಿರುತ್ತೀರಿ. ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಪರಿವರ್ತಕಗಳಿವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಲ್ಲಿ ನೋಡಿ. ಮುಂದಿನ ಸಲ ಮೊದಲಿನಿಂದಲೇ ಯೂನಿಕೋಡ್. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಒಯ್ಯಿರಿ.

ಗೈಡ್ ಓದುವುದೇ ಇಲ್ಲ. ಏನು ಮಾಡಲಿ?

ಅವರ ಟೇಬಲ್ ಮೇಲೆ ಇಂಥ ಹದಿನೈದು ಇರುತ್ತವೆ. ಇಡೀ ಕಟ್ಟು ಕೊಟ್ಟು 'ನೋಡಿ ಸರ್' ಅಂದರೆ ಅಲ್ಲೇ ಉಳಿಯುತ್ತದೆ. ಆರು ಪುಟ ಕೊಡಿ. ಮೇಲೆ ಒಂದು ಚೀಟಿ: 'ಮೇಡಂ, ಎರಡನೇ ಪುಟದ ವಾದ ಸರಿಯಾಗಿದೆಯೇ ಅಂತ ಮಾತ್ರ ನೋಡಿಕೊಡಿ.' ಉತ್ತರ ಬೇಗ ಬರುತ್ತದೆ. ಬೈದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ. ಬರೆದುಕೊಂಡು ಬನ್ನಿ. ಮರುದಿನ ಓದಿದಾಗ ಅರ್ಧ ಅವರದ್ದೇ ಸರಿ ಅನ್ನಿಸುತ್ತದೆ. ಉಳಿದ ಅರ್ಧಕ್ಕೆ ಕಾರಣ ಬರೆದುಕೊಂಡು ಹೋಗಿ.

ದುಡ್ಡು ಕಟ್ಟಿದರೆ ಒಂದು ವಾರದಲ್ಲಿ ಪ್ರಕಟಿಸುತ್ತಾರಂತೆ, ಕಳಿಸಲಾ?

ಬೇಡ. ಒಂದು ವಾರದಲ್ಲಿ ಯಾರೂ ನಿಮ್ಮ ಲೇಖನವನ್ನು ಓದಿರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ದುಡ್ಡು ಕಟ್ಟಿದ. ಲೇಖನ ಬಂತು, ಶೀರ್ಷಿಕೆಯಲ್ಲೇ ತಪ್ಪು. ಸರಿಪಡಿಸಿ ಅಂದರೆ ಅದಕ್ಕೂ ದುಡ್ಡು ಕೇಳಿದರು. ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಹಾಗಾಗಿ 'ನಮ್ಮದು ಕೇರ್ ಪಟ್ಟಿಯಲ್ಲಿದೆ' ಅನ್ನುವ ಜಾಹೀರಾತನ್ನು ಈಗ ನಂಬಿ ಕೂರುವ ಹಾಗಿಲ್ಲ. ಪತ್ರಿಕೆಯ ಹಳೆಯ ಎರಡು ಸಂಚಿಕೆ ತೆಗೆದು ಓದಿ. ಅದರಲ್ಲಿ ನಿಮ್ಮ ಹೆಸರು ಇದ್ದರೆ ಖುಷಿಯಾಗುತ್ತದಾ ಅಂತ ಕೇಳಿಕೊಳ್ಳಿ.

ನಿಮ್ಮ ಹತ್ತಿರ ಬರುವಾಗ ಏನು ತರಬೇಕು?

ಪ್ರಿಂಟ್ ತನ್ನಿ, ಸಾಲುಗಳ ನಡುವೆ ಜಾಗ ಬಿಟ್ಟು. ಹತ್ತು ಪುಟಕ್ಕಿಂತ ಜಾಸ್ತಿ ಬೇಡ. ಸ್ಪೈರಲ್ ಹಾಕಿಸಬೇಡಿ, ಬಿಡಿ ಹಾಳೆ ಇರಲಿ, ಜಗುಲಿ ಮೇಲೆ ಹರಡಿ ಹಿಂದುಮುಂದು ಮಾಡಿ ನೋಡಬೇಕಾಗುತ್ತದೆ. ಫೀಲ್ಡಿನಲ್ಲಿ ಬರೆದುಕೊಂಡ ನೋಟ್‌ಬುಕ್ ಎಷ್ಟೇ ಕೊಳಕಾಗಿದ್ದರೂ ತನ್ನಿ, ನನಗೆ ಅದೇ ಜಾಸ್ತಿ ಬೇಕು. ಲ್ಯಾಪ್‌ಟಾಪ್ ನಂಬಿಕೊಂಡು ಬರಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಾಗದು. ಕುಮಟಾ ಕಡೆಯಿಂದ ಬರುವವರು ದೇವಿಮನೆ ಘಾಟಿನ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಪೆನ್ಸಿಲ್ ನನ್ನ ಹತ್ತಿರ ಇದೆ. ರಬ್ಬರ್ ನೀವು ತನ್ನಿ.